ಕಂದು ಗೆರೆಯ ಶಬ್ದಶಾಸ್ತ್ರ

ಶಾಸ್ತ್ರ ಬರೆಯುವವನು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಮುಂದೆ ಹೋಗಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಇವೆರಡಕ್ಕೂ ಸಂಬಂಧವೇನು, ಓದುವ ಅಧಿಕಾರ ಯಾರಿಗೆ. ವಿಷಯ: ಮನೆಮಂದಿಯ ಸಿನಿಮಾ ತೆಗೆಯಲೆಂದು ಹುಟ್ಟಿದ ಹಳೆಯ ಸೂಪರ್ 8 ಕ್ಯಾಮೆರಾ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳಲ್ಲಿ ಯಾವ ಸದ್ದನ್ನು ಹಿಡಿಯುತ್ತದೆ, ಯಾವುದನ್ನು ಹಿಡಿದಂತೆ ನಟಿಸುತ್ತದೆ, ಯಾವುದನ್ನು ಕರೆಯದೆಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರಯೋಜನ: ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಥ ರೀಲು ಇರುವವರು ಅದನ್ನು ಗುಜರಿಯವನ ತಕ್ಕಡಿಗೆ ಹಾಕದಿರುವುದು. ಸಂಬಂಧ: ಗುಜರಿಯವನು ಬರುವ ಮೊದಲೇ ಈ ಶಾಸ್ತ್ರ ಓದಿ ಮುಗಿದಿರಬೇಕು ಎಂಬುದಷ್ಟೇ. ಅಧಿಕಾರಿ: ಎರಡೂವರೆ ನಿಮಿಷ ಬಾಯಿ ಮುಚ್ಚಿಕೊಂಡು ಇರಬಲ್ಲವನು. ಈ ಕೊನೆಯ ಷರತ್ತಿಗೆ ನಮ್ಮ ಜಿಲ್ಲೆಯ ಬಹುತೇಕ ಮಂದಿ ಸಿಕ್ಕುವುದಿಲ್ಲವಾದ್ದರಿಂದ ಅದನ್ನು ಸಡಿಲಿಸಲಾಗಿದೆ.

ಕ್ಷೇತ್ರದ ಗಡಿ ಬಡಗಣಕ್ಕೆ ಭೀಮೆ, ತೆಂಕಣಕ್ಕೆ ಕೃಷ್ಣೆ, ನಡುವೆ ಡೋಣಿ. ಈಚಿನ ವರ್ಷಗಳಲ್ಲಿ ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳು ತಮ್ಮ ತಮ್ಮ ತಹಶೀಲ್ದಾರರನ್ನು ಪಡೆದು ಬೇರೆಯಾಗಿವೆ. ಶಾಸ್ತ್ರಕಾರ ಇದನ್ನು ತಿಳಿದೂ ಹಳೆಯ ಗಡಿಯನ್ನೇ ಹಿಡಿದಿದ್ದಾನೆ. ಸದ್ದಿನ ಫಿಲ್ಮು ತಯಾರಾಗುವುದು 1997ಕ್ಕೇ ನಿಂತುಹೋಯಿತು. ಆಮೇಲೆ ಆದ ತಾಲೂಕುಗಳಿಗೆ ಅದು ಜವಾಬ್ದಾರಿಯಲ್ಲ.

ಮೊದಲಿಗೆ ಬಣ್ಣದ ವಿಚಾರ, ಏಕೆಂದರೆ ಅದರಲ್ಲಿ ಪೂರ್ವಾಚಾರ್ಯರೊಂದಿಗೆ ನಮಗೆ ತಕರಾರಿದೆ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಶಬ್ದ ಹುಟ್ಟುವ ಬಗೆಯನ್ನು ಹೇಳುತ್ತಾ ಅದರ ಬಣ್ಣ ಬಿಳಿ ಎಂದು ನಿರ್ಣಯ ಕೊಟ್ಟಿದ್ದಾನೆ. ಏಳು ಶತಮಾನ ಯಾರೂ ಎದುರಾಡಲಿಲ್ಲ. 1973ರಲ್ಲಿ ಕೊಡ್ಯಾಕ್ ಕಂಪನಿ ಎಕ್ಟಾಸೌಂಡ್ ಎಂಬ ಕ್ಯಾಮೆರಾವನ್ನು ಮಾರುಕಟ್ಟೆಗೆ ಬಿಟ್ಟಾಗ ಶಬ್ದದ ಬಣ್ಣ ಕಂದು ಎಂದು ರುಜುವಾತಾಯಿತು. ಎಂಟು ಮಿಲಿಮೀಟರ್ ಅಗಲದ ಫಿಲ್ಮಿನ ಒಂದಂಚಿಗೆ, ಒಂದು ಮಿಲಿಮೀಟರಿಗೂ ಕಿರಿದಾಗಿ, ಕಬ್ಬಿಣದ ಆಕ್ಸೈಡಿನ ಗೆರೆ ಎಳೆದಿರುತ್ತದೆ. ಕ್ಯಾಸೆಟ್ಟಿನ ಟೇಪಿಗೆ ಬಳಿಯುವ ಪದಾರ್ಥವೇ ಅದು. ಅಜ್ಜಿಯ ಮಾತು, ಹಲಿಗೆಯ ಬಡಿತ, ನಾಯಿಯ ಬೊಗಳು ಎಲ್ಲವೂ ಆ ಗೆರೆಯೊಳಗೇ ಇರುತ್ತವೆ. ರಂಧ್ರಗಳಿರುವ ಇನ್ನೊಂದಂಚಿಗೂ ಅದಕ್ಕಿಂತ ಸಣ್ಣದೊಂದು ಗೆರೆಯುಂಟು. ಸುತ್ತಿದಾಗ ಸುರುಳಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಆಗದಿರಲೆಂದು ಅದನ್ನು ಬಳಿದಿರುತ್ತಾರೆ; ಸಾಮಾನ್ಯವಾಗಿ ಅದರೊಳಗೆ ಸದ್ದಿರುವುದಿಲ್ಲ. ಇದಕ್ಕೆ ಮೌನರೇಖೆ ಎಂದು ಹೆಸರು ಕೊಡಲಾಗಿದೆ.

ಯಂತ್ರದ ವಂಶಾವಳಿಯನ್ನು ಬೇಗ ಮುಗಿಸೋಣ. 1922ರಲ್ಲಿ ಫ್ರಾನ್ಸಿನ ಪಾಥೆಯವರದು ಒಂಬತ್ತೂವರೆ ಮಿಲಿಮೀಟರ್, ಮರುವರ್ಷ ಕೊಡ್ಯಾಕ್‌ನವರದು ಹದಿನಾರು, 1932ರಲ್ಲಿ ಎಂಟು: ಮನೆಬಳಕೆಗೆ ಬಂದ ಈ ಮೂರೂ ಹುಟ್ಟುಮೂಕರು. 1960ರಲ್ಲಿ ಫೇರ್‌ಚೈಲ್ಡ್ ಎಂಬ ಅಮೆರಿಕದ ಕಂಪನಿ ಎಂಟು ಮಿಲಿಮೀಟರಿಗೆ ಬಾಯಿ ತರಿಸಿತು. 1965ರ ಸೂಪರ್ 8 ಕೂಡ ಮೂಕವಾಗಿಯೇ ಹುಟ್ಟಿ ಎಂಟು ವರ್ಷದ ಮೇಲೆ ಮಾತು ಕಲಿಯಿತು. ಕ್ಯಾನನ್, ಚಿನಾನ್, ಸ್ಯಾಂಕ್ಯೊ, ಎಲ್ಮೊ ಎಂದು ಜಪಾನಿನ ಕಂಪನಿಗಳು ಹಿಂದೆಯೇ ಬಂದವು. ನಮ್ಮ ಕಡೆಗೆ ಇವು ಅಂಗಡಿಯ ದಾರಿಯಿಂದ ಬಂದದ್ದಕ್ಕಿಂತ ಪರದೇಶಕ್ಕೆ ದುಡಿಯಲು ಹೋದವರ ಸೂಟ್‌ಕೇಸಿನ ದಾರಿಯಿಂದ ಬಂದದ್ದು ಹೆಚ್ಚು.

ಇವುಗಳ ಗೋತ್ರ ಮಾತ್ರ ಸಣ್ಣದಲ್ಲ. ಚಿತ್ರವೂ ಸದ್ದೂ ಒಂದೇ ಕ್ಯಾಮೆರಾದಲ್ಲಿ, ಒಂದೇ ಫಿಲ್ಮಿನ ಮೇಲೆ, ಒಂದೇ ಸಲಕ್ಕೆ ಮೂಡುವ ಪದ್ಧತಿಗೆ ಏಕಯಂತ್ರಪದ್ಧತಿ ಎನ್ನೋಣ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ತೆರೆಕಂಡ ದೇಶದ ಮೊದಲ ಟಾಕಿ ‘ಆಲಂ ಆರಾ’ ತಯಾರಾದದ್ದು ಇದೇ ಪದ್ಧತಿಯಲ್ಲಿ, ಟಾನರ್ ಎಂಬ ಯಂತ್ರದಿಂದ. ಸ್ಟುಡಿಯೋದ ಮಗ್ಗುಲಲ್ಲೇ ರೈಲು ಹಳಿ. ಆದ್ದರಿಂದ ನಿರ್ದೇಶಕ ಅರ್ದೇಶಿರ್ ಇರಾನಿಯವರು ರೈಲುಗಳು ಮಲಗಿದ ಮೇಲೆ ನಡುರಾತ್ರಿಯಲ್ಲಿ ಚಿತ್ರೀಕರಣ ಮಾಡಬೇಕಾಯಿತು. ಮೈಕನ್ನು ನಟರ ಸುತ್ತಮುತ್ತ ಎಲ್ಲೆಲ್ಲೋ ಅಡಗಿಸಿಟ್ಟರಂತೆ. ಮೂರು ವರ್ಷದ ಮೇಲೆ, 1934ರ ಮಾರ್ಚ್ 3ರಂದು, ಕೊಲ್ಹಾಪುರದಲ್ಲಿ ತಯಾರಾದ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ಕನ್ನಡ ಮಾತನಾಡಿತು. ಈ ಎರಡು ಚಿತ್ರಗಳ ಪ್ರತಿಯೂ ಇಂದು ಉಳಿದಿಲ್ಲ. ಹಾಗಾಗಿ ಇಂಡಿಯ ಯಾವುದೋ ಮನೆಯ ಜವಳದ ಸೂಪರ್ 8 ರೀಲು ಇಂದಿಗೂ ಕೇಳಿಸುತ್ತಿದ್ದರೆ, ಆ ಮಟ್ಟಿಗೆ ಅದು ‘ಆಲಂ ಆರಾ’ಕ್ಕಿಂತ ಅದೃಷ್ಟವಂತ ಚಿತ್ರ.

ಈಗ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳೋಣ. ಅಂಗೈಯಗಲದ ಕರಿ ಪ್ಲಾಸ್ಟಿಕ್ಕು, ಒಳಗೆ 50 ಅಡಿ ಫಿಲ್ಮು. ಮೂಕ ಡಬ್ಬಿಗಿಂತ ಸದ್ದಿನ ಡಬ್ಬಿ ಕೆಳಗಡೆ ಒಂದಿಷ್ಟು ಉದ್ದ, ಅಲ್ಲೊಂದು ಕಿಂಡಿ. ಕ್ಯಾಮೆರಾದ ಶಬ್ದಶಿರ, ಅಂದರೆ ಟೇಪ್ ರೆಕಾರ್ಡರಿನಲ್ಲಿ ನಾವು ಹೆಡ್ ಎಂದು ಕರೆಯುವ ಅದೇ ಹೊಳಪಿನ ತುಣುಕು, ಆ ಕಿಂಡಿಯಿಂದ ಒಳಬಂದು ಕಂದು ಗೆರೆಯನ್ನು ಮುಟ್ಟುತ್ತದೆ. ಮೂಕ ಡಬ್ಬಿ ಮಾತಿನ ಕ್ಯಾಮೆರಾಕ್ಕೆ ಹೊಂದುತ್ತದೆ. ಮಾತಿನ ಡಬ್ಬಿ ಮೂಕ ಕ್ಯಾಮೆರಾಕ್ಕೆ ಹೊಂದುವುದಿಲ್ಲ. ಅಳಿಯಂದಿರ ವಿಷಯದಲ್ಲೂ ಹೀಗೆಯೇ ಎಂದು ಒಬ್ಬ ಟೀಕಾಕಾರನ ಅಂಬೋಣ, ಅದು ಪ್ರಕೃತವಲ್ಲ.

ಚಿತ್ರಕ್ಕೂ ಸದ್ದಿಗೂ ಹುಟ್ಟಾ ವೈರ. ಚಿತ್ರ ಮೂಡಬೇಕಾದರೆ ಫಿಲ್ಮು ಮಸೂರದ ಮುಂದೆ ಒಂದು ಗಳಿಗೆ ಅಲ್ಲಾಡದೆ ನಿಲ್ಲಬೇಕು, ಆಮೇಲೆ ಜಿಗಿಯಬೇಕು. ಸೆಕೆಂಡಿಗೆ 18 ಸಲ, ಇಲ್ಲವೇ 24 ಸಲ. ಸದ್ದು ಮೂಡಬೇಕಾದರೆ ಅದೇ ಫಿಲ್ಮು ಎಲ್ಲಿಯೂ ನಿಲ್ಲದೆ ಒಂದೇ ಸಮನೆ ಹರಿಯಬೇಕು. ಈ ಇಬ್ಬರನ್ನೂ ಒಂದೇ ಮನೆಯಲ್ಲಿ ಇರಿಸಲು ನಡುವೆ ಒಂದು ಸಡಿಲ ಮಡಿಕೆ ಬಿಟ್ಟು, ಶಬ್ದಶಿರವನ್ನು ಚಿತ್ರದ ಕಿಟಕಿಯಿಂದ 18 ಚೌಕಟ್ಟಿನಷ್ಟು ದೂರ ಕೂರಿಸಿದರು. ಈ 18 ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಒಂದು ಭೂತ ಹುಟ್ಟಲಿದೆ. ಇನ್ನೊಂದು ಸೋಜಿಗ: 18ರ ಓಟದಲ್ಲಿ ಫಿಲ್ಮು ಸೆಕೆಂಡಿಗೆ ಏಳೂವರೆ ಸೆಂಟಿಮೀಟರಿಗೂ ತುಸು ಹೆಚ್ಚು ಓಡುತ್ತದೆ, ಕ್ಯಾಸೆಟ್ಟಿನ ಟೇಪು ಐದಕ್ಕೂ ಕಡಿಮೆ. ಲೆಕ್ಕದ ಪ್ರಕಾರ ಕ್ಯಾಸೆಟ್ಟೇ ಸೋಲಬೇಕು. ಆದರೆ ಟೇಪು ತೆಳು, ಹೇಳಿದಂತೆ ಬಾಗುತ್ತದೆ. ಫಿಲ್ಮು ದಪ್ಪ, ಬಿರುಸು, ಜೊತೆಗೆ ಮೇಲಿನ ಕಿಟಕಿಯಲ್ಲಿ ತಿಂದ ಜಗ್ಗಾಟದ ನಡುಕವನ್ನು ಕೆಳಗಿನ ತನಕ ಹೊತ್ತು ತರುತ್ತದೆ. ಆದ್ದರಿಂದ ಎಳೆದು ನಿಲ್ಲಿಸುವ ಸ್ವರಗಳೆಲ್ಲ ಇದರಲ್ಲಿ ನಡುಗುತ್ತವೆ, ಬಡಿದು ಬಿಡುವ ಸ್ವರಗಳು ಬದುಕುತ್ತವೆ. ಮದುವೆಯ ಹಂದರದಲ್ಲಿ ಸನಾದಿಯವನು ಉಸಿರು ಕಟ್ಟಿ ಹಿಡಿದ ಸ್ವರ ರೀಲಿನಲ್ಲಿ ಚಳಿಜ್ವರ ಬಂದವನ ದನಿಯಾಗುತ್ತದೆ. ಪಕ್ಕದ ಸಂಬಾಳದವನಿಗೆ ಏನೂ ಆಗಿರುವುದಿಲ್ಲ.

ಇಷ್ಟು ಪೀಠಿಕೆಯ ಮೇಲೆ ವರ್ಗೀಕರಣ.

ಎಲ್ಲಕ್ಕೂ ಮೊದಲು ಹುಟ್ಟುವುದು ಸ್ವಯಂಭೂ, ಅಂದರೆ ಕ್ಯಾಮೆರಾದ ಸ್ವಂತ ಸದ್ದು. ಗುಂಡಿ ಒತ್ತಿದ ಟಕ್ಕು, ಮೋಟಾರು ವೇಗ ಹಿಡಿಯುವ ಊಂಕಾರ, ಆಮೇಲೆ ಕೊನೆಯವರೆಗೂ ಬಿಡದ ಚಿರಿಚಿರಿ. ಶಬ್ದಮಣಿದರ್ಪಣದ ಅವ್ಯಯಪ್ರಕರಣದಲ್ಲಿ ಅನುಕರಣದ ಪದಗಳಿವೆಯಾದರೂ ಇದಕ್ಕೆ ಹೊಂದುವ ಒಂದು ಪದವನ್ನೂ ಕೇಶಿರಾಜ ಮುಂದಾಲೋಚನೆಯಿಂದ ಸೇರಿಸಿಲ್ಲ. ಈ ಚಿರಿಚಿರಿ ತಗ್ಗಿಸಲು ಪರದೇಶದಲ್ಲಿ ಕ್ಯಾಮೆರಾಕ್ಕೆ ತೊಡಿಸುವ ದಪ್ಪ ಮೆತ್ತೆಯ ಅಂಗಿಯನ್ನು ಬೇರೆಯಾಗಿ ಮಾರುತ್ತಿದ್ದರು. ನಮ್ಮಲ್ಲಿ ಕೌದಿ ಇದೆ. ನಾಲ್ಕಾರು ಹಳೆಯ ಸೀರೆ ಪದರವಾಗಿ ಹೊಲಿದ ಕೌದಿಯನ್ನು ಕ್ಯಾಮೆರಾಕ್ಕೂ ತೆಗೆಯುವವನ ತಲೆಗೂ ಸೇರಿಸಿ ಹೊದಿಸಿದರೆ ಚಿರಿಚಿರಿ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್ ತಿಂಗಳ ಸಿಂದಗಿಯಲ್ಲಿ ಈ ಉಪಾಯವನ್ನು ಪೂರ್ತಿ ಎರಡೂವರೆ ನಿಮಿಷ ನಡೆಸಿದವನನ್ನು ಸಾಧಕನೆಂದು ತಿಳಿಯಬೇಕು. ವೈರಿನ ತುದಿಯ ಮೈಕನ್ನು ಕ್ಯಾಮೆರಾದಿಂದ ಆದಷ್ಟು ದೂರ ಹಿಡಿಸುವುದು ಇದಕ್ಕಿಂತ ಸುಲಭ; ಆದರೆ ಮೈಕು ಹಿಡಿದವನು ಹಿಡಿದ ಕೂಡಲೇ ಭಾಷಣ ಸುರು ಮಾಡುತ್ತಾನೆ.

ಗಾಳಿಯಿಂದ ಹುಟ್ಟಿದ್ದು ವಾತಜ. ಎರಿ ನೆಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಗಾಳಿಗೆ ಅಡ್ಡ ಬರುವುದು ಹುಣಸೆಮರವೊಂದೇ, ಅದೂ ಬೇರೆಯವರ ಹೊಲದ್ದು. ಮೈಕಿಗೆ ಧೋತರದ ಚುಂಗು ಸುತ್ತಬೇಕು. ಈ ವರ್ಗದಲ್ಲಿ ಇನ್ನು ಹೇಳುವಂಥದ್ದೇನೂ ಇಲ್ಲ.

ಇನ್ನು ಉದ್ದಿಷ್ಟ, ಹಿಡಿಯಬೇಕೆಂದೇ ಹೋದ ಸದ್ದು. ಇದನ್ನು ರಾಗದಿಂದ, ವಾದ್ಯದಿಂದ, ಜಾತಿಯಿಂದ ವಿಂಗಡಿಸಿದವರುಂಟು. ಅವೆಲ್ಲ ಅತಿವ್ಯಾಪ್ತಿ, ಅವ್ಯಾಪ್ತಿ ದೋಷಗಳಿಂದ ನರಳುತ್ತವೆ. ನಿರ್ದುಷ್ಟವಾದ ಲಕ್ಷಣ ಒಂದೇ: ಡಬ್ಬಿಯಲ್ಲಿ ಹಿಡಿಯುತ್ತದೆಯೋ ಇಲ್ಲವೋ. 50 ಅಡಿ ಫಿಲ್ಮು 24ರ ಓಟದಲ್ಲಿ ಎರಡೂವರೆ ನಿಮಿಷ, 18ರ ಓಟದಲ್ಲಿ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಇದರೊಳಗೆ ಮುಗಿಯುವುದು ಮಿತಕಾಲ, ಮುಗಿಯದ್ದು ಅಮಿತಕಾಲ. 200 ಅಡಿಯ ದೊಡ್ಡ ಡಬ್ಬಿಯೂ 1975ರ ಹೊತ್ತಿಗೆ ಬಂತು, ಅದು ಹಿಡಿಸುವ ಕ್ಯಾಮೆರಾಗಳು ಬೆರಳೆಣಿಕೆ. ಅದನ್ನು ಅಪವಾದವೆಂದು ಬಿಡಲಾಗಿದೆ.

ಹರದೇಶಿ–ನಾಗೇಶಿ ಅಮಿತಕಾಲಕ್ಕೆ ಮೇರು. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ, ಸವಾಲು ಜವಾಬಿನಲ್ಲಿ ಕೋಳಿ ಕೂಗುವವರೆಗೆ ಹಾಡುತ್ತವೆ. ಎಂಟು ತಾಸಿನ ಹಾಡಿಕೆಯನ್ನು ಎರಡೂವರೆ ನಿಮಿಷದ ಡಬ್ಬಿಗಳಲ್ಲಿ ತುಂಬಲು 192 ಡಬ್ಬಿ ಬೇಕು. ಒಂದು ಡಬ್ಬಿ ತೆಗೆದು ಇನ್ನೊಂದು ಹಾಕುವ ಹೊತ್ತಿಗೆ ಗಂಡು ಮೇಲಾಗಿತ್ತು ಎನ್ನುವಷ್ಟರಲ್ಲಿ ಹೆಣ್ಣು ಮೇಲಾಗಿರುತ್ತದೆ. ಹಾಗಾಗಿ ಈ ಕ್ಯಾಮೆರಾದ ಸಾಕ್ಷ್ಯದಿಂದ ಆ ಹಳೆಯ ವ್ಯಾಜ್ಯವನ್ನು ತೀರ್ಮಾನಿಸಬಾರದು. ಗೀಗೀ ಪದ, ಲಾವಣಿ, ಮೊಹರಂನ ರಿವಾಯತ್ ಎಲ್ಲವೂ ಇದೇ ಗುಂಪಿನವು. ಕಥೆ ಕರ್ಬಲಾದ ಮೈದಾನಕ್ಕೆ ತಲುಪುವ ಮೊದಲೇ ಫಿಲ್ಮು ತೀರಿರುತ್ತದೆ.

ಮಿತಕಾಲದ ಮಾದರಿಗೆ ರೈಲನ್ನು ಹೇಳಬಹುದು. ಹೊಟಗಿ–ಗದಗ ಮಾರ್ಗ ಮೀಟರ್‌ಗೇಜ್ ಇದ್ದ ಕಾಲದಲ್ಲಿ ಗಾಡಿ ಇಂಡಿ ರೋಡ್ ಸ್ಟೇಶನ್ನಿಗೆ ಬಂದು, ನಿಂತು, ಸೀಟಿ ಹೊಡೆದು ಹೊರಡುವುದು ಒಂದು ಡಬ್ಬಿಗೆ ಅಳೆದು ಮಾಡಿಸಿದಂತಿತ್ತು. ರೈಲ್ವೆಯವರ ಭಾಷೆಯಲ್ಲಿ ಊರಿನ ಹೆಸರಿನ ಮುಂದೆ ‘ರೋಡ್’ ಎಂದಿದ್ದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇಲ್ಲಿದೆ ಎಂದರ್ಥ. ಬಸವನ ಬಾಗೇವಾಡಿ ರೋಡೂ ಹಾಗೆಯೇ, ಇಳಿದವನು ಬಾಗೇವಾಡಿಗೆ ಇನ್ನೊಂದು ಪ್ರಯಾಣ ಮಾಡಬೇಕು. ಆದ್ದರಿಂದ ಈ ಸ್ಟೇಶನ್ನುಗಳಲ್ಲಿ ಊರಿನ ಗದ್ದಲವಿಲ್ಲ, ಬಯಲು ಮಾತ್ರ. ಉಗಿಬಂಡಿಯ ಸದ್ದು ಹೀಗೆ ಶುದ್ಧವಾಗಿ ಸಿಗುತ್ತಿದ್ದ ತಾಣ ಅಪರೂಪ.

ಮಿತಕಾಲದಲ್ಲಿ ಎಲ್ಲಕ್ಕಿಂತ ಉತ್ತಮವಾದುದು ಬೀಸುವ ಪದ. ತ್ರಿಪದಿ ಮೂರೇ ಸಾಲು. ನಾಲ್ಕಾರು ತ್ರಿಪದಿಗಳು ಒಂದು ಡಬ್ಬಿಯಲ್ಲಿ ಆರಾಮಾಗಿ ಕೂರುತ್ತವೆ. ಬೀಸುಕಲ್ಲಿನ ಸುತ್ತು ತಾಳ ಹಿಡಿದಿರುತ್ತದೆ, ಹಾಡುವವಳು ಕೂತ ಕಡೆಯೇ ಕೂತಿರುತ್ತಾಳೆ, ಮೈಕನ್ನು ಕಲ್ಲಿನ ಪಕ್ಕ ಇಟ್ಟರಾಯಿತು. ಯಂತ್ರಕ್ಕೂ ಹಾಡಿಗೂ ಇಷ್ಟು ಕೂಡಿ ಬಂದ ಜಾತಕ ಬೇರೊಂದಿಲ್ಲ. ಬಂದ ಕಾಲ ಮಾತ್ರ ಕೂಡಲಿಲ್ಲ.

ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ರೇವಪ್ಪ ಕಾಪಸೆಯವರು, ಧೂಲಾಸಾಹೇಬರು ಹೆಣ್ಣುಮಕ್ಕಳ ಬಾಯಿಂದ ಈ ಪದಗಳನ್ನು ಕೇಳಿ ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ ಅಚ್ಚಾದದ್ದು 1931ರಲ್ಲಿ. ಮುಂಬಯಿಯಲ್ಲಿ ‘ಆಲಂ ಆರಾ’ ಬಾಯಿಬಿಟ್ಟ ವರ್ಷ ಅದು. ಹಲಸಂಗಿ ಗೆಳೆಯರ ಕೈಯಲ್ಲಿದ್ದ ಯಂತ್ರ ಪೆನ್ಸಿಲು, ಶಬ್ದಶಿರ ಕಿವಿ. ಅವರಿಗೆ ಸಿಕ್ಕಿದ್ದು ಮಾತು; ಧಾಟಿ, ಹಾಡುತ್ತಾ ಹಾಡುತ್ತಾ ಏರುವ ಉಸಿರು, ಸಾಲು ಮುಗಿದ ಮೇಲೂ ತಿರುಗುವ ಕಲ್ಲು ಪುಸ್ತಕದೊಳಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಅವುಗಳನ್ನು ಹಿಡಿಯಬಲ್ಲ ಕ್ಯಾಮೆರಾ ನಲವತ್ತು ವರ್ಷದ ಮೇಲೆ ಬಂತು. ಅಷ್ಟರಲ್ಲಿ ಹಿಟ್ಟಿನ ಗಿರಣಿಯೂ ಬಂದಿತ್ತು. ಬುಟ್ಟಿಯಲ್ಲಿ ಜೋಳ ಹೊತ್ತು ಗಿರಣಿಯ ಮುಂದೆ ಪಾಳಿ ಹಚ್ಚಿದ ಹೆಣ್ಣುಮಕ್ಕಳಿಗೆ ಅಲ್ಲಿ ಹಾಡುವ ಕೆಲಸವಿರಲಿಲ್ಲ. ಇಂಜಿನ್ನಿನ ಕೊಳವೆಯೇ ಕುಹೂ ಕುಹೂ ಎಂದು ಇಡೀ ಊರಿಗೆ ಕೇಳುವಂತೆ ಕೂಗುತ್ತಿತ್ತು.

ಆದ್ದರಿಂದ ಸೂಪರ್ 8 ರೀಲಿನಲ್ಲಿ ಬೀಸುವ ಪದ ಸಿಕ್ಕಿದರೆ ಅದು ಬಹುಪಾಲು ಪ್ರಾರ್ಥಿತ ಎಂಬ ಉಪಜಾತಿಗೆ ಸೇರಿದ್ದು: ಕ್ಯಾಮೆರಾ ತಂದ ಮೊಮ್ಮಗ ಅಂಗಲಾಚಿ ಹಾಡಿಸಿದ್ದು. ಗುರುತಿಸುವುದು ಸುಲಭ. ಬೀಸುಕಲ್ಲು ಖಾಲಿಯಾಗಿದ್ದರೆ ಕಲ್ಲಿಗೆ ಕಲ್ಲು ತಿಕ್ಕಿ ಕರಕರ ಎಂಬ ಒಣ ಸದ್ದು ಬರುತ್ತದೆ. ಕಾಳು ಇದ್ದರೆ ಅದೇ ಸದ್ದು ತಗ್ಗಿ ದಪ್ಪವಾಗುತ್ತದೆ. ಹಾಡು ಸುರುವಾದ ಸ್ವಲ್ಪ ಹೊತ್ತಿಗೆ ಕರಕರ ತಟ್ಟನೆ ಮೆತ್ತಗಾದರೆ, ಖಾಲಿ ಕಲ್ಲು ತಿರುಗಿಸಲು ಮನಸ್ಸು ಒಪ್ಪದ ಅಜ್ಜಿ ಒಂದು ಹಿಡಿ ಜೋಳ ಹಾಕಿದಳೆಂದು ತಿಳಿಯಬೇಕು. ಆ ಹೊತ್ತಿಗೆ ಚಿತ್ರದಲ್ಲಿ ಬರೀ ಅವಳ ಮುಖವಿದ್ದರೂ ಸರಿ, ಕೈ ಮಾಡಿದ್ದನ್ನು ಗೆರೆ ಹೇಳುತ್ತದೆ. ಶಾಸ್ತ್ರಕಾರನ ಪಕ್ಷಪಾತ ಇಲ್ಲಿ ಹೊರಬಿದ್ದರೆ ಬೀಳಲಿ: ಈ ಕ್ಯಾಮೆರಾದ ಫಿಲ್ಮಿನಲ್ಲಿ ಬೆಲೆಬಾಳುವುದು ಅಂಚಿನ ಆ ಕಂದು ಗೆರೆ. ನಡುವಿನ ಚಿತ್ರ ಆಮೇಲಿನ ಮಾತು.

ಮುಂದಿನ ವರ್ಗ ಸಮದರ್ಶಿ. ಈ ಕ್ಯಾಮೆರಾಗಳೊಳಗೆ ಆಟೋಮ್ಯಾಟಿಕ್ ಗೇನ್ ಕಂಟ್ರೋಲ್ ಎಂಬ ಸರ್ಕ್ಯೂಟು ಇರುತ್ತದೆ. ಜೋರು ಸದ್ದು ಬಂದರೆ ತಗ್ಗಿಸುತ್ತದೆ, ಸಣ್ಣ ಸದ್ದು ಬಂದರೆ ಎತ್ತುತ್ತದೆ. ತಯಾರಿಸಿದವರ ಮನಸ್ಸಿನಲ್ಲಿದ್ದದ್ದು ನಾಲ್ಕು ಗೋಡೆಯ ನಡುವೆ ಮೇಣದಬತ್ತಿ ಊದುವ ಹುಟ್ಟುಹಬ್ಬ. ಅದನ್ನು ತಂದು ಮುದ್ದೇಬಿಹಾಳ ಸೀಮೆಯ ಮೊಹರಂನಲ್ಲಿ ಹೆಜ್ಜೆಮೇಳದ ಮುಂದೆ ಇಟ್ಟರೆ ಏನಾಗುತ್ತದೆ? ಹಲಿಗೆಯ ಮೊದಲ ಪೆಟ್ಟಿಗೆ ಸರ್ಕ್ಯೂಟು ಬೆಚ್ಚಿ ಕಿವಿ ಮುಚ್ಚಿಕೊಳ್ಳುತ್ತದೆ. ಪೆಟ್ಟಿನ ಹಿಂದೆಯೇ ಹಾಡಿದವನ ಪದದ ಮೊದಲ ಅಕ್ಷರ ಹೋಯಿತು. ಮರುಗಳಿಗೆ ಸದ್ದು ಕಡಿಮೆಯಾಯಿತೆಂದು ನಿಧಾನವಾಗಿ ಕಿವಿ ತೆರೆಯುತ್ತದೆ: ಈಗ ಗೆಜ್ಜೆ ಕೇಳಿಸುತ್ತದೆ, ಗೆಜ್ಜೆಯಾಚೆ ಯಾರೋ ಕೆಮ್ಮಿದ್ದು, ಅದರಾಚೆ ಮಗುವೊಂದು ನೀರು ಬೇಡಿದ್ದು. ಮತ್ತೆ ಪೆಟ್ಟು, ಮತ್ತೆ ಕಿವುಡು. ಮೇಳ ಪೂರ್ತಿ ನಿಂತಾಗ ಸರ್ಕ್ಯೂಟು ಸಂಕಟಕ್ಕೆ ಬೀಳುತ್ತದೆ. ಅದಕ್ಕೆ ಮೌನ ಎಂಬ ಪದಾರ್ಥ ಗೊತ್ತಿಲ್ಲ; ಇನ್ನೂ ಎತ್ತಬೇಕು, ಇನ್ನೂ ಎತ್ತಬೇಕು ಎಂದು ಕಡೆಗೆ ತನ್ನದೇ ಚಿರಿಚಿರಿಯನ್ನು ಹಲಿಗೆಯ ಎತ್ತರಕ್ಕೆ ತಂದು ನಿಲ್ಲಿಸುತ್ತದೆ.

ಪೂರ್ವಪಕ್ಷ: ಇದು ದೋಷವಲ್ಲವೇ? ಸಂಗೀತಕ್ಕೆ ದೋಷವೇ. ದೊಡ್ಡದು ದೊಡ್ಡದಾಗಿ, ಸಣ್ಣದು ಸಣ್ಣದಾಗಿ ಕೇಳದಿದ್ದರೆ ಅದೆಂಥ ಹಾಡು? ಸಿದ್ಧಾಂತ: ಆದರೆ ಹಲಿಗೆಯ ಸದ್ದು ಮುಂದಿನ ಮೊಹರಂಗೂ ಸಿಗುತ್ತದೆ. ಅಂದು ನೀರು ಬೇಡಿದ ಮಗುವಿನ ದನಿ ಬೇರೆಲ್ಲಿಯೂ ಸಿಗುವುದಿಲ್ಲ. ದೊಡ್ಡ ಸ್ಟುಡಿಯೋದಲ್ಲಿ ಸದ್ದಿನ ಮುಳ್ಳು ನೋಡುತ್ತಾ ಕೂತ ಇಂಜಿನಿಯರು ಇದ್ದಿದ್ದರೆ ಅವನು ಆ ಮಗುವನ್ನು ಖಂಡಿತ ಹೊರಗೆ ಹಾಕುತ್ತಿದ್ದ.

ಈಗ 18ರ ಭೂತ. ಶಬ್ದಶಿರ ಕಿಟಕಿಯಿಂದ 18 ಚೌಕಟ್ಟು ದೂರವಿದೆಯೆಂದು ಹೇಳಿದೆವಷ್ಟೆ. ಅಂದರೆ ಒಂದು ಚೌಕಟ್ಟಿನ ಚಿತ್ರಕ್ಕೆ ಸೇರಿದ ಸದ್ದು ಅದರ ಪಕ್ಕದಲ್ಲಿರುವುದಿಲ್ಲ. ಅದಕ್ಕೂ 18 ಮನೆ ಮುಂಚೆ ಕೂತಿರುತ್ತದೆ. 18ರ ಓಟದಲ್ಲಿ ಇದು ಸರಿಯಾಗಿ ಒಂದು ಸೆಕೆಂಡು. ಕ್ಯಾಮೆರಾವನ್ನು ನಿಲ್ಲಿಸಿ ಮತ್ತೆ ಸುರು ಮಾಡಿದರೆ ತೊಂದರೆಯಿಲ್ಲ, ಸದ್ದೂ ಚಿತ್ರವೂ ಕೂಡಿಯೇ ಇರುತ್ತವೆ. ತೊಂದರೆ ಬರುವುದು ಬುದ್ಧಿವಂತನೊಬ್ಬ ಕತ್ತರಿ ಹಿಡಿದಾಗ. ಸಿಂದಗಿಯ ದನದ ಸಂತೆಯ ಚಿತ್ರವನ್ನು ನಡುವಿನಲ್ಲೇ ಕತ್ತರಿಸಿ, ಬಾಗೇವಾಡಿಯ ಬಸವೇಶ್ವರ ಗುಡಿಯ ಚಿತ್ರ ಎಲ್ಲಿ ಸುರುವೋ ಅಲ್ಲಿಗೆ ಅಂಟಿಸಿದನೆನ್ನಿ. ಗುಡಿಯ ಮೊದಲ ಸೆಕೆಂಡಿನ ಗಂಟೆ ಕತ್ತರಿಸಿ ಎಸೆದ ತುಂಡಿನ ಜೊತೆ ಹೋಯಿತು. ಅದರ ಜಾಗದಲ್ಲಿ ಸಂತೆ ಒಂದು ಸೆಕೆಂಡು ಗುಡಿಯೊಳಗೆ ನುಗ್ಗುತ್ತದೆ. ಹೋರಿಯ ಹಲ್ಲು ನೋಡುತ್ತಿದ್ದ ದಲಾಲಿಯ ಅರ್ಧ ಮಾತು ನಂದಿಯ ಮುಂದೆ ಕೇಳಿಸುತ್ತದೆ. ಬಸವಣ್ಣನವರ ಊರಲ್ಲಿ ಎತ್ತಿನ ಮಾತು ಕೇಳಿದರೆ ತಪ್ಪೇನು ಎಂದು ಒಬ್ಬರು ಸಮರ್ಥಿಸಿದ್ದಾರೆ. ಆದರೂ ಈ ವರ್ಗಕ್ಕೆ ಅನುಶಯ ಎಂದೇ ಹೆಸರಿಟ್ಟಿದೆ: ಬಿಟ್ಟ ಜಾಗ ಬಿಡದೆ ಬೆನ್ನು ಹತ್ತುವುದು.

ನಿಷೇಧಜವು ಸದ್ದು ಮಾಡಬೇಡಿ ಎಂದು ಹೇಳುವುದರಿಂದಲೇ ಹುಟ್ಟುವ ಸದ್ದು. “ಏ, ಸುಮ್ಕಿರ್ರೋ, ಅದರಾಗ ದನಿ ತುಂಬಾಕತ್ತೈತಿ!” ಹೀಗೆ ಕೂಗುವವನು ಯಾವಾಗಲೂ ಕ್ಯಾಮೆರಾದ ಮಗ್ಗುಲಲ್ಲೇ ನಿಂತಿರುತ್ತಾನೆ, ಆದ್ದರಿಂದ ಸದ್ದು ಮಾಡಿದವರಿಗಿಂತ ಅವನ ದನಿಯೇ ಅಚ್ಚುಕಟ್ಟಾಗಿ ತುಂಬಿರುತ್ತದೆ. ಇದರ ಬೆನ್ನಿಗೇ “ಚಾಲೂ ಆತೇನ್ರೀ?” ಎಂಬ ಜಿಜ್ಞಾಸೆ. ಆಮೇಲೆ, ಬಲ್ಲವನೊಬ್ಬನ “ಫೋಟೋ ಅಲ್ಲವಾ ಇದು, ಅಲ್ಲಾಡ್ರಿ, ಅಲ್ಲಾಡ್ರಿ” ಎಂಬ ಉಪದೇಶ. ಏಕೆಂದರೆ ಮನೆಮಂದಿಯೆಲ್ಲ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ, ಉಸಿರೂ ಬಿಡದೆ ನಿಂತಿರುತ್ತಾರೆ. ಕ್ಯಾಮೆರಾ ಎಂದರೆ ನಿಲ್ಲುವುದೆಂದೇ ಅವರು ಬಲ್ಲದ್ದು. ಇಡೀ ಡಬ್ಬಿ ತೀರುವವರೆಗೂ ಅಲ್ಲಾಡದ ಮುಖಗಳು, ಹಿಂದೆ ಸ್ವಯಂಭೂವಿನ ಚಿರಿಚಿರಿ. ಕೊನೆಗೆ ಯಾರೋ ದೊಡ್ಡವರು “ಮುಗೀತೇನಪಾ?” ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಹಿರಿಯರ ದನಿಯೆಂದು ಉಳಿದಿರಬಹುದಾದದ್ದು ಆ ಒಂದೇ ಪದ.

ಇಷ್ಟೆಲ್ಲ ತಾಪತ್ರಯ ಬೇಡವೆಂದು ಚಿತ್ರಕ್ಕೊಂದು, ಸದ್ದಿಗೊಂದು ಯಂತ್ರ ಇಟ್ಟುಕೊಂಡವರ ಮತವನ್ನು ದ್ವೈತವೆನ್ನಬಹುದು. ಇದಕ್ಕೆ ದೊಡ್ಡವರ ಆಧಾರವಿದೆ. ಡಚ್ ವಿದ್ವಾಂಸ ಅರ್ನಾಲ್ಡ್ ಬಾಕೆ 1938–39ರಲ್ಲಿ ದಕ್ಷಿಣ ಭಾರತ ಸುತ್ತಿದಾಗ ಹದಿನಾರು ಮಿಲಿಮೀಟರಿನ ಮೂಕ ಕ್ಯಾಮೆರಾದಲ್ಲಿ ಕುಣಿತವನ್ನೂ, ಟೆಫಿ ಎಂಬ ಬೇರೆ ಯಂತ್ರದಲ್ಲಿ ಹಾಡನ್ನೂ ಹಿಡಿದರು. 1984ರಲ್ಲಿ ಸಂಗೀತ ಸಂಶೋಧಕರಾದ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ವಿಡಿಯೋ ಕ್ಯಾಮೆರಾ ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಬಾಕೆಯವರ ಹೆಜ್ಜೆಜಾಡಿನಲ್ಲಿ ತಿರುಗಾಡಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ನೋಡಿದರು. ಮನೆಮಂದಿಯ ದ್ವೈತಕ್ಕೆ 1963ರಲ್ಲಿ ಬಂದ ಫಿಲಿಪ್ಸ್ ಕ್ಯಾಸೆಟ್ಟು ಸಾಕಾಯಿತು. ಆದರೆ ಕ್ಯಾಮೆರಾದ ಮೋಟಾರು, ರೆಕಾರ್ಡರಿನ ಮೋಟಾರು ಇಬ್ಬರೂ ತಮ್ಮ ತಮ್ಮ ಸೆಲ್ಲಿನ ಅನ್ನ ತಿನ್ನುವವರು. ಒಬ್ಬ ನೂರಕ್ಕೆ ಒಂದರಷ್ಟು ನಿಧಾನಿಸಿದರೂ 200 ಸೆಕೆಂಡಿನ ಡಬ್ಬಿ ಮುಗಿಯುವ ಹೊತ್ತಿಗೆ ಎರಡು ಸೆಕೆಂಡಿನ ಬಿರುಕು. ಅಕ್ಕಿಕಾಳು ಬಿದ್ದ ಮೇಲೆ ತಾಳಿ ಕಟ್ಟಿದಂತೆ, ಮಾತು ಮುಗಿದ ಮೇಲೆ ಬಾಯಿ ಆಡುತ್ತದೆ. ಚಿತ್ರದ ಮೊದಲಿಗೆ ಒಂದು ಚಪ್ಪಾಳೆ ಹೊಡೆದರೆ ಕೂಡಿಸಲು ಗುರುತು ಸಿಗುತ್ತದೆ. ಆದರೆ ನಮ್ಮಲ್ಲಿ ಒಬ್ಬ ಚಪ್ಪಾಳೆ ಹೊಡೆದರೆ ಉಳಿದವರು ಸುಮ್ಮನಿರುವುದಿಲ್ಲ, ಗುರುತು ಯಾವುದೆಂದು ಹುಡುಕಬೇಕಾಗುತ್ತದೆ.

ಕಡೆಯದು ಅಂಧಶ್ರವಣ, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಉಚ್ಚವಾದದ್ದು. ತೊಳೆಯದ ಫಿಲ್ಮಿನ ಮೇಲಿನ ಚಿತ್ರದ ಲೇಪಕ್ಕೆ ಅವಧಿಯಿದೆ. ವರ್ಷ ಕಳೆದಂತೆ ಅದು ತಾನೇ ಮಂಜಾಗುತ್ತದೆ. ಕೊಡಾಕ್ರೋಮ್ ಎಂಬ ಫಿಲ್ಮನ್ನು ಬಣ್ಣದಲ್ಲಿ ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬು ಅಮೆರಿಕದ ಕ್ಯಾನ್ಸಸ್‌ನಲ್ಲಿತ್ತು, ಅದೂ 2010ರ ಡಿಸೆಂಬರ್ 30ರ ಆಚೆ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ತೊಳೆಯದೆ ಉಳಿದ ಡಬ್ಬಿಗಳನ್ನು ಈಗ ಕಪ್ಪು-ಬಿಳುಪಿನಲ್ಲಿ ತೊಳೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಕಂದು ಗೆರೆಗೆ ಬೆಳಕಿನ ಹಂಗಿಲ್ಲ. ಚಿತ್ರ ಮಾಸಿದ ಫಿಲ್ಮಿನಲ್ಲೂ ಸದ್ದು ನೆಟ್ಟಗಿರಬಹುದು. ಕಾರ ಹುಣ್ಣಿಮೆಯ ರೀಲೊಂದು ಹೀಗಾಯಿತೆನ್ನಿ. ಊರ ಅಗಸಿಗೆ ಬೇವಿನ ಕರಿ ಕಟ್ಟಿದೆ, ಎತ್ತುಗಳನ್ನು ಬಿಟ್ಟಿದ್ದಾರೆ. ಮೊದಲು ಕರಿ ಹರಿದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಎಂದು ಹೇಳುವುದು ವಾಡಿಕೆ. ತೆರೆಯ ಮೇಲೆ ಕಾಣುವುದು ಬೂದಿ ಬಣ್ಣದ ಮಂಜು, ಅದರಲ್ಲಿ ಏನೋ ಅಲ್ಲಾಡುತ್ತದೆ. ಎತ್ತೋ ಎಮ್ಮೆಯೋ ಹೇಳಲಾಗದು, ಬಣ್ಣದ ಮಾತಂತೂ ದೂರ. ಆಗ ಗೆರೆಯೊಳಗಿಂದ ಜನ ಹೋ ಎನ್ನುತ್ತಾರೆ, ಒಬ್ಬ “ಕೆಂದ ಹರೀತೋ, ಕೆಂದ!” ಎಂದು ಕೂಗುತ್ತಾನೆ. ಆ ವರ್ಷದ ಬೆಳೆ ತಿಳಿಯಿತು.

ರೀಲು ಇಟ್ಟುಕೊಂಡವರಿಗೆ ಎರಡು ಎಚ್ಚರಿಕೆ. ಅಸಿಟೇಟಿನ ಫಿಲ್ಮು ಹಳತಾದಂತೆ ವಿನೆಗರಿನ ಹುಳಿ ವಾಸನೆ ಹೊಡೆಯುತ್ತಾ ಸೊಟ್ಟಗಾಗುತ್ತದೆ, ಕಂದು ಗೆರೆಯಲ್ಲಿರುವ ಕಬ್ಬಿಣದ ಆಕ್ಸೈಡು ಆ ಕೊಳೆತವನ್ನು ಇನ್ನಷ್ಟು ಬೇಗ ಮಾಡಿಸುತ್ತದೆ. ಸದ್ದಿದ್ದ ರೀಲೇ ಮೊದಲು ಹೋಗುವಂಥದ್ದು; ಮೇ ತಿಂಗಳ ತಗಡಿನ ಅಟ್ಟದಿಂದ ಅದನ್ನು ಇವತ್ತೇ ಕೆಳಗಿಳಿಸಿ ತಂಪು ಒಣ ಜಾಗದಲ್ಲಿಡಬೇಕು. ಎರಡನೆಯದು, ಹಳೆಯ ರೀಲನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಎಷ್ಟೋ ಕಡೆ ಬರೀ ಚಿತ್ರವನ್ನು ಸ್ಕ್ಯಾನ್ ಮಾಡುತ್ತಾರೆ. ಗೆರೆಯನ್ನು ಓದಲು ಬೇರೆ ಶಬ್ದಶಿರ ಬೇಕು, ಅದು ಅವರಲ್ಲಿರುವುದಿಲ್ಲ, ಕೇಳದಿದ್ದರೆ ಅವರು ಹೇಳುವುದೂ ಇಲ್ಲ. ಕೊಡುವ ಮೊದಲು ಫಿಲ್ಮಿನ ತುದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಅಂಚು ನೋಡಿ. ಕಂದು ಗೆರೆ ಇದ್ದರೆ, ಮ್ಯಾಗ್ನೆಟಿಕ್ ಸೌಂಡ್ ತೆಗೆಯುತ್ತೀರಾ ಎಂದು ಬಾಯಿಬಿಟ್ಟು ಕೇಳಿ. ಇಲ್ಲವೆಂದರೆ ರೀಲು ವಾಪಸ್ ತನ್ನಿ.